ನಕ್ಷೆಯಲ್ಲಿದ್ದ ಬಾವಿ

ಜಾಗ ಕೊಳ್ಳುವವರಿಗೆ ನನ್ನದೊಂದು ಮಾತು: ಮಾರುವವನು ಬೆರಳು ತೋರಿಸುವ ಕಡೆ ನೋಡಬೇಡಿ, ಅವನು ಕಾಲಿಡದ ಕಡೆ ನೋಡಿ.

ತಳಕಲ್ ಊರಿನ ಹತ್ತಿರ, ರೈಲು ಹಳಿಗೆ ಅಂಟಿಕೊಂಡ ಒಂದು ಹೊಲಕ್ಕೆ ಇನ್ನೇನು ಮಾತು ಕೊಡುವುದರಲ್ಲಿದ್ದೆ. ಅಕ್ಕಿ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಸುರಿದು ಮಗನಿಗೊಂದು ಗೋದಾಮು ಕಟ್ಟಿಸುವ ಆಸೆ. ಅದೇ ವಾರ ಗಂಗಾವತಿಯ ರದ್ದಿ ಅಂಗಡಿಯಲ್ಲಿ ನಿಜಾಮರ ಕಾಲದ ನಕ್ಷೆಯೊಂದು ಸಿಕ್ಕಿತು. ಹರಿದ ಅಂಚನ್ನೇ ಮೊದಲು ತೋರಿಸಿ ಅಗ್ಗಕ್ಕೆ ತಂದೆ. ತುಂಗಭದ್ರೆಯ ಕಣಿವೆ, ಗುಡ್ಡಗಳ ಕಂದು ಗೆರೆಗಳು, ರೈಲುದಾರಿ. ಈಗ ಡ್ಯಾಮಿನ ನೀರಿನಡಿ ಇರುವ ಊರುಗಳೂ ಅದರಲ್ಲಿ ಒಣನೆಲದ ಮೇಲೆ ಸುಮ್ಮನೆ ಕೂತಿದ್ದವು. ನಾನು ಕೊಳ್ಳಬೇಕೆಂದಿದ್ದ ಹೊಲದಲ್ಲಿ, ಹಳಿಯ ತಿರುವಿಗೆ, ಒಂದು ನೀಲಿ ಚುಕ್ಕೆ. ಬಾವಿ.

ನಕ್ಷೆ ಹಿಡಿದು ಹೋದೆ. ಮಟಮಟ ಮಧ್ಯಾಹ್ನ. ಹೊಲದ ಮಾಲೀಕ ಬದುವಿನ ಮೇಲೆಯೇ ನಿಂತ.

"ಇಲ್ಲಿ ಬಾವಿ ಇತ್ತೇನ್ರಿ?"

"ಎಲ್ಲಿ ಬಾವಿ ತಗದ್ರಿ ಸಾವ್ಕಾರ್ರ! ಹಾಳಿ ನೋಡಿ ಹೊಲಾ ತಗೋತೀರೋ, ಮಣ್ಣು ನೋಡಿ ತಗೋತೀರೋ?"

ಅಷ್ಟರಲ್ಲಿ ಕೆಲವು ಹೆಂಗಸರು ಕೊಡ ಹೊತ್ತು ಬಂದು ಹೊಲಕ್ಕಿಳಿದರು. ನಡುವೆ ಒಬ್ಬ ಬಾಣಂತಿ, ಕಿವಿ ಮುಚ್ಚಿ ಸೆರಗು ಬಿಗಿದಿದ್ದಳು. ನಮ್ಮ ಕಡೆ ಬಾಣಂತಿ ಮೊದಲ ಸಲ ಹೊರಬಿದ್ದಾಗ ಬಾವಿಗೆ ಹೋಗಿ ಗಂಗವ್ವನ ಪೂಜೆ ಮಾಡುವುದು ರೂಢಿ. ಇವರು ಬರಿ ನೆಲದ ಮೇಲೆ ಐದು ಕಲ್ಲಿಟ್ಟು ಕುಂಕುಮ ಏರಿಸಿದರು. ಬಾಣಂತಿ ಕೊಡ ಬಗ್ಗಿಸಿದಳು. ನೀರು ಹರಿಯಲಿಲ್ಲ, ಸುರಿದಲ್ಲೇ ಇಳಿದುಹೋಯಿತು. ತುಸು ಹೊತ್ತಿನ ಮೇಲೆ, ಎಲ್ಲೋ ಆಳದಲ್ಲಿ, ನೀರಿಗೆ ನೀರು ಬಿದ್ದ ಸದ್ದು.

ಹತ್ತಿರ ಹೋಗಿ ಹಿರಿಯಳನ್ನು ಕೇಳಿದೆ: "ಯವ್ವಾ, ಇಲ್ಲಿ ಬಾವಿ ಎಲ್ಲೈತಿ?"

"ಮಣ್ಣು ಮುಚ್ಚಿದ್ರ ಗಂಗವ್ವ ಹೋಗ್ತಾಳೇನೋ ಯಪ್ಪಾ? ನಮ್ಮತ್ತಿ ನನ್ನೂ ಇಲ್ಲಿಗೇ ಕರಕೊಂಡು ಬಂದಿದ್ಲು. ಆಗೂ ಬರೀ ನೆಲಾನ ಇತ್ತು."

ತಿರುವಿನಲ್ಲಿ ರೈಲುಗಾಡಿಯೊಂದು ಹಾದುಹೋಯಿತು. ನೆಲದ ನಡುಕ ಅಂಗಾಲಿಗೆ ಬಂತು. ಗಾಡಿ ದೂರವಾಗಿ ಹಳಿ ಸುಮ್ಮನಾದ ಮೇಲೂ ಆ ನಡುಕ ನಿಲ್ಲಲಿಲ್ಲ. ಕೆಳಗೆ ಯಾರೋ ರಾಟೆ ಎಳೆಯುತ್ತಲೇ ಇದ್ದಂತೆ.

"ಸಾವ್ಕಾರ್ರ, ರೇಟು ಇಳಸ್ತೀನಿ, ಈ ಕಡೆ ಬರ್ರಿ!" ಮಾಲೀಕ ಬದುವಿನಿಂದಲೇ ಕೂಗಿದ.

"ನೀವ ಇಲ್ಲಿಗೆ ಬರ್ರಿ. ಈ ಕಲ್ಲಿನ ಹತ್ರ ನಿಂತು ಹೇಳ್ರಿ. ನೀವು ಹೇಳಿದ್ದೇ ರೇಟು."

ಅವನು ಅಲುಗಲಿಲ್ಲ. ನಕ್ಷೆ ಮಡಚಿದೆ. ಬರುವಾಗ ಮೂಡಿದ್ದ ನನ್ನವೇ ಹೆಜ್ಜೆಗಳ ಮೇಲೆ ಕಾಲಿಡುತ್ತ, ಮೆಲ್ಲಗೆ ಹೊರಗೆ ಬಂದೆ.