ಗುರಮ್ಮ ಮೆಚ್ಚಿದ ನರ್ಸು

ಬಸವೇಶ್ವರಿ ಮಹಾರಾಷ್ಟ್ರದ ನಿಲಂಗಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ನರ್ಸು. ತಂದೆ ಸಿದ್ಧಯ್ಯ ಹತ್ತಿರದ ಕಾಸಾರಶಿರಸಿಯ ಮನೆಗಳಿಗೆ ಪೂಜೆಗೆ ಹೋಗುವ ಅಯ್ಯನವರು. ವಾರ್ಡಿನಲ್ಲಿ ಎಲ್ಲರದೂ ಮರಾಠಿ. ಕನ್ನಡದ ರೋಗಿ ಬಂದಾಗ ಮಾತ್ರ ಡಾಕ್ಟರೂ ಇವಳನ್ನೇ ಹುಡುಕುತ್ತಿದ್ದರು. ಹಾಗೆ ಹುಡುಕಿಸಿಕೊಳ್ಳುವುದು ಅವಳಿಗೆ ಬಲು ಇಷ್ಟ.

ದೇವಣಿ ಕಡೆಯ ರೈತ ಹೆಂಗಸು ಗುರಮ್ಮ, ಸಕ್ಕರೆ ಕಾಯಿಲೆಯಿಂದ ಅಂಗಾಲಲ್ಲಿ ಹುಣ್ಣಾಗಿ ಬಂದಾಗಲೂ ಹಾಗೇ ಆಯಿತು. ತಂದೆಯ ಹೆಸರು ಕೇಳಿ, "ನಮ್ಮ ಅಯ್ನೋರ ಮಗಳು!" ಎಂದು ಮುದುಕಿ ಅವಳ ಕೈ ಹಿಡಿದುಕೊಂಡಳು. ಬಸವೇಶ್ವರಿ ಪಟಪಟನೆ ಮಾತಾಡುತ್ತ ಅಷ್ಟೇ ಪಟಪಟನೆ ಹುಣ್ಣು ತೊಳೆದು ಪಟ್ಟಿ ಕಟ್ಟುವಳು. ಗುರಮ್ಮ ಬಗ್ಗಿ ನೋಡಹೋದರೆ, "ನೀ ಯಾಕ ನೋಡತಿ ಬೇ, ಅಂಜತಿ. ನಾ ಇದ್ದೀನಲ್ಲ," ಎನ್ನುವಳು.

ಆಮೇಲೆ ಡ್ಯೂಟಿ ಬದಲಾಗಿ ಆ ಹಾಸಿಗೆಗೆ ಪ್ರಣಿತಾ ಬಂದಳು. ಉದಗೀರದಲ್ಲಿ ಕಲಿತ ಹೊಸ ಹುಡುಗಿ, ಕನ್ನಡದ ಗಂಧವಿಲ್ಲ. ಪಟ್ಟಿ ಬಿಚ್ಚುವ ಮೊದಲು ಕೈಸನ್ನೆಯಲ್ಲಿ ಕೇಳುವಳು, ಗುರಮ್ಮ ತಲೆಯಾಡಿಸುವವರೆಗೆ ಕಾಯುವಳು. ಒಮ್ಮೆ ಅಂಗಾಲಿನ ಫೋಟೋ ತೆಗೆದು ಮೊಬೈಲಿನಲ್ಲಿ ತೋರಿಸಿದಳು. ಮುದುಕಿ ತನ್ನ ಹುಣ್ಣನ್ನು ಮೊದಲ ಸಲ ನೋಡಿದ್ದು ಆಗಲೇ.

ಮರುದಿನ ಪ್ರಣಿತಾ ಬೇರೆ ಕೆಲಸದಲ್ಲಿದ್ದಾಗ ಬಸವೇಶ್ವರಿ ಪಟ್ಟಿ ಕಟ್ಟಲು ಹೋದರೆ ಗುರಮ್ಮ ಕಾಲು ಹಿಂದೆಳೆದುಕೊಂಡಳು. "ಆ ಪೋರಿ ಬರಲಿ ತಡಿ."

ಬಸವೇಶ್ವರಿಯ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. "ಆಕಿಗಿ ನಿನ್ನ ಮಾತರೇ ತಿಳಿತದೇನು?"

"ತಿಳಿಯಂಗಿಲ್ಲ. ಅದಕ್ಕ ಕೇಳತಾಳ. ನೀ ಎಂದೂ ಕೇಳಲಿಲ್ಲ."

ಅಂದಿನಿಂದ ಪ್ರಣಿತಾಳ ನಗು, ನಡಿಗೆ, ಮುಡಿದ ಅಬೋಲಿ ಹೂ ಕೂಡ ಬಸವೇಶ್ವರಿಗೆ ಚುಚ್ಚತೊಡಗಿದವು. ಹುಡುಗಿ ತುಂಬ ನಿಧಾನ ಎಂದು ಮೇಟ್ರನ್ ಹತ್ತಿರ ಎರಡು ಸಲ ಚಾಡಿ ಹೇಳಿದಳು. ಮೇಟ್ರನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಡಾಕ್ಟರು ನಂಜೇರಿದ ಕಾಲಿನ ಕಿರುಬೆರಳು ತೆಗೆಯಬೇಕೆಂದರು. ಬಸವೇಶ್ವರಿ ಗುರಮ್ಮನ ಮಗ ಶಾಂತವೀರಪ್ಪನಿಗೆ ಹೇಳಿ ಒಪ್ಪಿಸಿದಳು. ಮುದುಕಿಗೆ ಮಾತ್ರ "ಜರಾ ಸಾಫ್ ಮಾಡತಾರ" ಎಂದು ಮಾತು ತೇಲಿಸಿದಳು.

ಡಾಕ್ಟರು ಕಿರುಬೆರಳನ್ನೇ ಮತ್ತೆ ಮತ್ತೆ ನೋಡಿದ್ದಕ್ಕೆ ಗುರಮ್ಮ ಏನೋ ಶಂಕಿಸಿ ಪ್ರಣಿತಾಳ ಮುಂದೆ ಆ ಬೆರಳು ಮುಟ್ಟಿ ಮುಟ್ಟಿ ತೋರಿಸಿದಳು. ಪ್ರಣಿತಾ ನೇರ ಬಸವೇಶ್ವರಿಯ ಬಳಿ ಬಂದು ಮರಾಠಿಯಲ್ಲಿ ಹೇಳಿದಳು: "ಅಕ್ಕಾ, ಕಾಲು ಅವರದು. ಅವರಿಗೆ ಗೊತ್ತಾಗಬೇಕು. ನನಗೆ ಭಾಷೆ ಬರೋದಿಲ್ಲ, ನೀವೇ ಹೇಳಿ."

ಇಲ್ಲವೆನ್ನಲು ಬಸವೇಶ್ವರಿ ಬಾಯಿ ತೆರೆದಳು. ಆದರೆ ಗುರಮ್ಮ ಅಲ್ಲಿಂದಲೇ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳು ಹೋಗಿ ಮಂಚದ ಅಂಚಿಗೆ ಕುಳಿತಳು.

"ಕಿರುಬಳ್ಳು ತಗೀತಾರ ಬೇ. ತಗೀದಿದ್ರ ನಂಜು ಮ್ಯಾಲ ಏರತದ. ನೀ ಏನಂತಿ?"

ಗುರಮ್ಮ ಪಟ್ಟಿ ಕಟ್ಟಿದ ಕಾಲನ್ನು ಸವರುತ್ತ ಕುಳಿತಳು. ಬಸವೇಶ್ವರಿಗೆ ನಡುವೆ ಮಾತಾಡುವ ಚಟ; ತುಟಿ ಕಚ್ಚಿ ಕಾದಳು.

"ಹೊಲದಾಗ ನಡೀಲಾಕ ಬರತದೇನು?"

"ಮಾಯ್ದ ಮ್ಯಾಲ ಬರತದ. ಬರಿಗಾಲಿಲೆ ಮಾತ್ರ ಬ್ಯಾಡ."

"ಹಂಗಾರ ತಗೀಲಿ. ಮೊದಲ್ಯಾಕ ಹೇಳಲಿಲ್ಲ?"

ಬಸವೇಶ್ವರಿ ಎದ್ದು ಡಾಕ್ಟರಿಗೆ ತಿಳಿಸಲು ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಹೊರಟ ದಿನ ಗುರಮ್ಮ ಬಸವೇಶ್ವರಿಗೆ ಕೈ ಮುಗಿದು, "ಬರತೀನ್ರೀ ಅಮ್ನೋರ," ಎಂದಳು. ಪ್ರಣಿತಾಳ ಗಲ್ಲ ಹಿಡಿದು ಮುದ್ದಿಟ್ಟು, ತಾನು ಬಲ್ಲ ಹರಕು ಮರಾಠಿಯಲ್ಲಿ ಊಟಕ್ಕೆ ಕರೆದಳು. ಬಸವೇಶ್ವರಿ ಅದನ್ನು ನೋಡಲಾರದೆ ಔಷಧದ ಕೋಣೆಗೆ ಹೋದಳು. ಅಂದು ಪ್ರಣಿತಾ ಚಹಾಕ್ಕೆ ಕರೆದಾಗ, ಕೆಲಸವಿದೆ ಎಂದಳು.