ಪುಟ್ಟರಾಜುವಿನ ಅಂಗಡಿಯ ಕಿಂಡಿ

ಕೊಣನೂರಿನ ಗಾರೆ ಕೆಲಸಕ್ಕೆ ಮಾರಮ್ಮ ಬಂದಳೆಂದರೆ ಮೇಸ್ತ್ರಿ ರುದ್ರಯ್ಯ ಅರ್ಧ ನಿಶ್ಚಿಂತ. ಗಂಡ ಸತ್ತ ಮೇಲೆ ಮಗಳು ಸಣ್ಣಕ್ಕನನ್ನು ಸಾಕಲು ಬಾಂಡ್ಲಿ ಹೊತ್ತವಳು ಅವಳು. ಹೊರುತ್ತಾ ಹೊರುತ್ತಾ ಕರಣೆ ಹಿಡಿಯುವುದನ್ನೂ ಕಲಿತಿದ್ದಳು. ನಾಲಿಗೆ ಮಾತ್ರ ಯಾರೂ ಕಲಿಸದೆ ಬಂದದ್ದು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಊರ ಗೌಡರ ಮಗ ಪುಟ್ಟರಾಜು ಅಪ್ಪನ ದಿನಸಿ-ಜವಳಿ ಅಂಗಡಿಯನ್ನು ಕೆಡವಿ ಹೊಸದು ಕಟ್ಟಿಸಲು ಹೊರಟ. ಮೈಸೂರಿಗೆ ಓದಲು ಹೋಗಿದ್ದ ಈ ಮಹಾರಾಯನಿಗೆ ಡಿಗ್ರಿ ಸಿಗಲಿಲ್ಲ, ಅಲ್ಲಿನ ಅಂಗಡಿಯೊಂದರ ನಕ್ಷೆ ಸಿಕ್ಕಿತ್ತು. ಮೊದಲು ಉರುಳಿದ್ದು ಮುಂದಿನ ಎತ್ತರದ ಜಗಲಿ. ಸಂತೆಗೆ ಬಂದ ರೈತ ಯಾರ ಆಸರೆಯೂ ಇಲ್ಲದೆ ತಲೆಯ ಮೂಟೆಯನ್ನು ಅದರ ಮೇಲೆ ಇಳಿಸಿ, ಎಲೆಯಡಿಕೆ ಹಾಕಿ, ಆಮೇಲೆ ವ್ಯಾಪಾರಕ್ಕೆ ಬಾಯಿ ತೆರೆಯುತ್ತಿದ್ದ. ಅದರ ಜಾಗಕ್ಕೆ ಗಾಜಿನ ಬೀರು, ಕುರ್ಚಿ, ಮುಖ ಕಾಣುವಂತೆ ಉಜ್ಜಿದ ಕೆಂಪು ಗಾರೆ ನೆಲ ಬಂದವು.

ಮೂರು ತಿಂಗಳು ಮಾರಮ್ಮ ಆ ಅಂಗಡಿಯ ಒಳಗೂ ಹೊರಗೂ ತಿರುಗಿದಳು. ನೆಲ ಉಜ್ಜಿದವಳೂ ಅವಳೇ. ಓಣಿಯ ಕಡೆಯ ಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿ ಬಿಡಲು ಹೇಳಿದಾಗ, ಗಾಳಿಯಾಡಲಿಕ್ಕೆ ಅಂದುಕೊಂಡಳು. ಅದರ ಅಂಚು ಯಾರ ಕೈಗೂ ತರಚದಿರಲಿ ಎಂದು ತಾನೇ ನುಣ್ಣಗೆ ನೀವಿದಳು.

ಪ್ರಾರಂಭದ ದಿನ ಪುರೋಹಿತರು ನೀರು ಚಿಮುಕಿಸಿ ಹೋದ ಮೇಲೆ, ತಾನೇ ಉಜ್ಜಿದ ನೆಲವೆಂಬ ಸಲಿಗೆಯಲ್ಲಿ ಉಪ್ಪು ಕೊಳ್ಳಲು ಮುಂದಿನಿಂದ ಬಂದ ಮಾರಮ್ಮನನ್ನು ಪುಟ್ಟರಾಜು ಬಾಗಿಲಲ್ಲೇ ತಡೆದ.

"ಇಲ್ಲಲ್ಲ ಮಾರಿ. ಓಣಿಗೋಗು. ನಿಮ್ಮ ಕೇರಿಯೋರಿಗೆ ಅಂತ್ಲೇ ಕಿಂಡಿ ಬಿಡ್ಸಿವ್ನಿ."

ಹಳೆಯ ಅಂಗಡಿಯಲ್ಲೂ ಅಷ್ಟೇ. ಊರು ಮುಟ್ಟಿಸಿಕೊಳ್ಳದ ಕೇರಿಯ ಜನ ಓಣಿಯಲ್ಲಿ ನಿಂತು ಸೆರಗೊಡ್ಡಬೇಕು, ಒಳಗಿನಿಂದ ಸಾಮಾನು ಸುರಿಯಬೇಕು. ಊರಿಗೆ ಒದಗುತ್ತಿದ್ದ ಜಗಲಿಯನ್ನು ಒಡೆದು ಹಾಕಿದ ಪುಣ್ಯಾತ್ಮ, ಊರಿನ ಈ ಕೊಳಕನ್ನು ಮಾತ್ರ ಸಿಮೆಂಟು ಹಾಕಿ ಜೋಪಾನವಾಗಿ ಉಳಿಸಿಕೊಂಡಿದ್ದ. ಮಾರಮ್ಮನಿಗೆ ಉರಿದದ್ದು ಅದಕ್ಕಿಂತ ಹೆಚ್ಚಾಗಿ ತನ್ನ ಕೈಯ ಮೇಲೆ. ಹಳೆಯದು ಮಣ್ಣಿನ ಗೋಡೆ, ಒಂದಲ್ಲ ಒಂದು ಮಳೆಗೆ ಬೀಳುತ್ತಿತ್ತು. ಇದು ಬೀಳುವುದಿಲ್ಲ. ಸಣ್ಣಕ್ಕ ಇಲ್ಲೇ ನಿಲ್ಲುತ್ತಾಳೆ, ಸಣ್ಣಕ್ಕನ ಮಕ್ಕಳೂ ಇಲ್ಲೇ ನಿಲ್ಲುತ್ತಾರೆ. ಅವಳು ಉಪ್ಪು ಕೊಳ್ಳದೆ ಮನೆಗೆ ಹೋದಳು.

ಮುಂದಿನ ಸಂತೆಯ ದಿನ, ನಡುಹಗಲಲ್ಲಿ, ಊರೆಲ್ಲ ನೋಡುವಂತೆ ಬಾಂಡ್ಲಿ ತುಂಬ ಗಾರೆ, ಇಟ್ಟಿಗೆ ಹೊತ್ತು ಓಣಿಗೆ ಬಂದು ಕಿಂಡಿ ಮುಚ್ಚತೊಡಗಿದಳು. ಎಂಟು ಇಟ್ಟಿಗೆ ಜೋಡಿಸುವಷ್ಟರಲ್ಲಿ ಪುಟ್ಟರಾಜು ಓಣಿಗೆ ಓಡಿ ಬಂದ.

"ಏನಮ್ಮೀ, ಯಾರನ್ನ ಕೇಳಿ ಗ್ವಾಡೆ ಮುಟ್ಟಿದೆ?"

"ಮೂರು ತಿಂಗ್ಳಿಂದ ಮುಟ್ತಾನೇ ಇವ್ನಿ. ಆವಾಗ ನೀವೂ ಕೇಳ್ನಿಲ್ಲ, ನಾನೂ ಕೇಳ್ನಿಲ್ಲ."

"ಅದು ನನ್ ಅಂಗಡಿ ಕಣಮ್ಮೀ."

"ಅಂಗಡಿ ನಿಮ್ದೇಯ. ಈ ಕಿಂಡಿ ನನ್ ತಪ್ಪು. ತಪ್ಪು ಮಾಡ್ದೋಳೇ ಸರಿ ಮಾಡ್ಬೇಕು."

ಕೊನೆಯ ಇಟ್ಟಿಗೆ ಕೂರಿಸಿ, ಸಂದಿಗೆ ಗಾರೆ ತುಂಬಿ, ನೀರು ಚಿಮುಕಿಸಿ ನಡೆದಳು. ಪುಟ್ಟರಾಜು ರುದ್ರಯ್ಯನನ್ನು ಕರೆಸಿ ಒಡೆಯಲು ಹೇಳಿದ. ಮೇಸ್ತ್ರಿ ಗೋಡೆಯನ್ನು ಸವರಿ ನೋಡಿ, "ಚೆನ್ನಾಗ್ ಕಟ್ಟವ್ಳೆ ಸಾ. ಒಡದ್ರೆ ನನ್ ಕೆಲ್ಸಕ್ಕೆ ನಾಳೆಯಿಂದ ಕೇರಿಯಿಂದ ಒಬ್ರೂ ಬರಾಕಿಲ್ಲ," ಎಂದು ತಲೆಯಾಡಿಸಿದ. ರೋಸಿದ ಪುಟ್ಟರಾಜು ಕೇರಿಗೆ ಒಂದು ಹರಳು ಉಪ್ಪನ್ನೂ ಮಾರುವುದಿಲ್ಲವೆಂದು ಸಾರಿಬಿಟ್ಟ.

ಕೇರಿಯೂ ಕೇಳಲಿಲ್ಲ. ಸಂತೆಯಲ್ಲಿ ಬಾಗಿಲಿಲ್ಲ, ಕಿಂಡಿಯೂ ಇಲ್ಲ; ವಾರಕ್ಕಾಗುವಷ್ಟನ್ನು ಅಲ್ಲೇ ಕೊಂಡರು. ಊರಿನ ಬೇರೆ ಅಂಗಡಿಗಳೂ ಅವರನ್ನು ಹೊರಗೇ ನಿಲ್ಲಿಸುತ್ತಿದ್ದವು, ನಡುವೆ ಮುಗಿದರೆ ಸಪ್ಪೆ ಉಂಡರು. ಮೊದಲ ವಾರ ಮಾರಮ್ಮನನ್ನು ಬೈದವರೂ ಇದ್ದರು, ಅವಳ ಮನೆಯ ಸಾರೂ ಸಪ್ಪೆಯೆಂದು ಗೊತ್ತಾದ ಮೇಲೆ ಸುಮ್ಮನಾದರು. ಇತ್ತ ರೈತರು ಮಿರಮಿರ ನೆಲದ ಮೇಲೆ ಕೆಸರುಗಾಲು ಇಡಲು ನಾಚಿ, ಮೂಟೆ ಇಳಿಸಲು ಜಾಗವಿಲ್ಲದೆ, ಜಗಲಿ ಉಳಿದಿದ್ದ ಎದುರಿನ ಅಂಗಡಿಗೆ ತಿರುಗಿದರು. ಗಾಜಿನ ಬೀರುವಿನ ಮುಂದೆ ಪುಟ್ಟರಾಜು ನೊಣ ಹೊಡೆಯುತ್ತಾ ಕೂತ.

ಏಳನೆಯ ವಾರ ಮಾರಮ್ಮ ಮುಂಬಾಗಿಲಿನಿಂದ ಒಳಗೆ ಹೋದಳು. ಹೆದರಿಕೆಯಿತ್ತು, ಆದರೂ ಕಾಲು ನಿಲ್ಲಲಿಲ್ಲ. ಪುಟ್ಟರಾಜು ಖಾಲಿ ಕುರ್ಚಿಗಳನ್ನೂ ಎದುರಿನ ಅಂಗಡಿಯ ಜನರನ್ನೂ ನೋಡಿದ.

"ಏನ್ ಬೇಕು?"

"ಸಣ್ಣಕ್ಕಂಗೆ ಲಂಗದ ಬಟ್ಟೆ."

ಅಳೆದು, ಕತ್ತರಿಸಿ, ಮೇಜಿನ ತುದಿಗೆ ಎಸೆದ. ಅವಳು ಎತ್ತಿಕೊಳ್ಳಲಿಲ್ಲ. ದುಡ್ಡು ಹಿಡಿದ ಕೈಯನ್ನು ಚಾಚಿಕೊಂಡೇ ನಿಂತಳು.

"ತಕ್ಕೊಂಡೋಗು ಮಾರಿ."

"ಕೈಗೆ ಕೊಡಿ ಪುಟ್ಟರಾಜಪ್ಪಾರೆ."

ಅಲ್ಲಿಯವರೆಗೆ ಅವನನ್ನು ಒಡೆಯನಿಗೆ ಅನ್ನುವಂತೆ 'ಬುದ್ದಿ' ಎಂದಲ್ಲದೆ ಹೆಸರು ಹಿಡಿದು ಕೇರಿಯವರು ಯಾರೂ ಕರೆದಿರಲಿಲ್ಲ. ಅವನ ಕಿವಿ ಕೆಂಪಗಾಯಿತು. ಮಾರಮ್ಮ ಕದಲಲಿಲ್ಲ. ಕೊನೆಗೆ ಅವಳ ಅಂಗೈಯಿಂದ ದುಡ್ಡು ತೆಗೆದುಕೊಂಡು, ಬಟ್ಟೆಯನ್ನು ಮಡಿಸಿ ಅದೇ ಅಂಗೈಯಲ್ಲಿಟ್ಟ.

ಅವಳು ಬಾಗಿಲಿನ ಕಡೆ ತಿರುಗಿ, ಬೀದಿಯಲ್ಲಿ ಹಿಂಜರಿದು ನಿಂತಿದ್ದ ಕೇರಿಯ ಹೆಂಗಸರಿಗೆ ಹೇಳಿದಳು: "ಒಳೀಕೆ ಬನ್ರವ್ವ. ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ."