ಗೆರೆ ಇಳಿದಾಗ ಕೇಳಿದ ಅಕ್ಕ

ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮನಸ್ಸಿನ ನೋವಿಗೆ ಮಾತಿನ ಮದ್ದು ಕೊಡುವ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ಹಿರಿಯಳಾದ ನರ್ಸಮ್ಮ ಕೂಡ. ಕಿಟಕಿ ತೆರೆದರೆ ಬಸ್ಸುಗಳ ಗದ್ದಲ, ಮುಚ್ಚಿದರೆ ಸೆಕೆ ಎನ್ನುವಂಥ ಕೋಣೆ. ತುಸು ಓರೆಯಾಗಿಟ್ಟ ಎರಡು ಕುರ್ಚಿ. ವರ್ಷಗಟ್ಟಲೆ ಅಲ್ಲಿ ಕೂತು ಅಕ್ಕನ ಕಿವಿ ಪಳಗಿಹೋಗಿತ್ತು. ಬಾಗಿಲು ತಳ್ಳುವ ರೀತಿಯಲ್ಲೇ ಇವರು ಗುಣವಾಗುತ್ತಾರೋ ಇಲ್ಲವೋ ಹೇಳಬಲ್ಲೆ ಎಂದು ಗಂಡನ ಮುಂದೆ ಜಂಬ ಕೊಚ್ಚುವುದೂ ಇತ್ತು. ಗಂಡ ಪೇಪರಿನಿಂದ ತಲೆಯೆತ್ತದೆ, "ಹೆಣ್ಣು ನೋಡೋಕೆ ಬಂದು ನಾನು ನಿಮ್ಮನೆ ಬಾಗಿಲು ತಳ್ಳಿದಾಗ ನನ್ನ ಬಗ್ಗೆ ಏನನ್ಸಿತ್ತು?" ಎನ್ನುತ್ತಿದ್ದ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಪದ್ಧತಿ ಬಂತು. ಒಳಗೆ ಬರುವ ಮೊದಲು ರೋಗಿ ಕಂಪ್ಯೂಟರ್ ಪರದೆಯ ಮೇಲೆ ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ನಿದ್ದೆ ಹೇಗಿದೆ, ಭಯ ಎಷ್ಟಿದೆ, ಕೆಲಸ ಮಾಡಲು ಆಗುತ್ತಿದೆಯೇ ಎಂಬಂಥವು. ಕಂಪ್ಯೂಟರು ಅದನ್ನೆಲ್ಲ ಒಂದು ಗೆರೆಯಾಗಿ ಎಳೆದು, ಇಂಥದೇ ಕಷ್ಟ ಪಟ್ಟ ಸಾವಿರಾರು ಜನರ ಗೆರೆಗಳೊಡನೆ ಹೋಲಿಸಿ, ಈತ ಸುಧಾರಿಸುವ ಹಾದಿಯಲ್ಲಿದ್ದಾನೋ ಇಲ್ಲವೋ ಹೇಳುತ್ತಿತ್ತು. ಗುಣ ಕಂಡರೆ ಗೆರೆ ಏರುತ್ತಿತ್ತು; ಇಳಿಯುತ್ತ ಹಾದಿ ತಪ್ಪಿದರೆ ಕೆಂಪಾಗುತ್ತಿತ್ತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದು ಅಕ್ಕ ಮೂಗು ಮುರಿದರು. ಆದರೂ ಹೇಳಿದ ಕೆಲಸ ಬಿಡುವ ಜಾಯಮಾನದವರಲ್ಲ. ಪ್ರತಿಯೊಬ್ಬರದನ್ನೂ ತೆಗೆದು ನೋಡುತ್ತಿದ್ದರು.

ಆಗ ಅವರ ಬಳಿ ಒಬ್ಬ ಕ್ಷೌರಿಕ ಬರುತ್ತಿದ್ದ. ಅಂಗಡಿಯಲ್ಲಿ ಗಡ್ಡ ಹೆರೆಯುತ್ತಿದ್ದಾಗ ಗಿರಾಕಿ ಥಟ್ಟನೆ ಸೀನಿ, ಕತ್ತಿ ಕಿವಿಯ ಕೆಳಗೆ ಇಳಿದಿತ್ತು. ಹೊಲಿಗೆ ಬಿತ್ತು, ಗಾಯ ಮಾಗಿತು. ಗಿರಾಕಿಯೇ ಬಂದು, "ನನ್ನ ಮೂಗಿನ ತಪ್ಪು ಮಾರಾಯ" ಎಂದು ನಕ್ಕೂ ಹೋದ. ಆದರೆ ಕ್ಷೌರಿಕನ ಕೈ ಮಾತ್ರ ಅಂದಿನಿಂದ ಕತ್ತಿ ಹಿಡಿದರೆ ನಡುಗುತ್ತಿತ್ತು. ಗಡ್ಡದ ಕೆಲಸವನ್ನೆಲ್ಲ ಭಾವಮೈದುನನಿಗೆ ಒಪ್ಪಿಸಿ, ಬರೀ ಕತ್ತರಿ ಆಡಿಸಿಕೊಂಡಿದ್ದ.

ಅವನ ಸರದಿ ಬಂತೆಂದರೆ ಅಕ್ಕನಿಗೆ ಹಬ್ಬ. ಬೊಕ್ಕತಲೆಯ ಗಿರಾಕಿ ಪ್ರತಿ ತಿಂಗಳೂ ಬಂದು "ಸ್ವಲ್ಪ ಉದ್ದ ಬಿಡಪ್ಪ" ಎನ್ನುವುದು, ಅತ್ತೆ ಮೀಸೆ ತೆಗೆಯಬೇಡವೆಂದು ಅಳಿಯನ ಕುರ್ಚಿಯ ಹಿಂದೆಯೇ ನಿಂತು ಕಾಯುವುದು. ಇಂಥ ಕತೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಹೊರಡುವಾಗ "ನಿಮ್ಮಿಂದ ತುಂಬಾ ಆರಾಮಾಗಿದೆ ಅಕ್ಕ" ಎನ್ನುತ್ತಿದ್ದ. ಇವನು ಗುಣವಾಗುವವನೇ ಎಂದು ಅಕ್ಕ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಒಂದು ದಿನ ನೋಡಿದರೆ ಅವನ ಗೆರೆ ಕೆಂಪಾಗಿತ್ತು. ಬಂದಾಗಿನಿಂದ ಚೂರುಚೂರೇ ಇಳಿಯುತ್ತಲೇ ಇದ್ದದ್ದು ಈಗ ಅವರ ಕಣ್ಣಿಗೆ ಬಿತ್ತು. ಇವನು ಬರುವುದನ್ನೇ ಬಿಟ್ಟಾನು ಎಂಬ ಎಚ್ಚರಿಕೆ ಬೇರೆ. ಅಕ್ಕನಿಗೆ ಮೈಯೆಲ್ಲ ಉರಿಯಿತು. ಯಂತ್ರಕ್ಕೇನು ಗೊತ್ತು, ಅವನು ನಗುವುದನ್ನು ಅದು ಕಂಡಿದೆಯೇ? ಆದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ಅವನು ನಗುವುದನ್ನು ನಾನಾದರೂ ಕಂಡಿದ್ದೇನೆಯೇ? ನಗುತ್ತಿದ್ದವಳು ನಾನಲ್ಲವೇ?

ಇನ್ನೊಬ್ಬರಾಗಿದ್ದರೆ ಗೆರೆಯನ್ನು ಬೈದು ಸುಮ್ಮನಾಗುತ್ತಿದ್ದರೋ ಏನೋ. ಅಕ್ಕನ ದೊಡ್ಡತನವಿದ್ದದ್ದು ಇಲ್ಲೇ. ಅವನು ಬಂದು ಕೂತು, ಬಾಯ್ತೆರೆದು ಕತೆ ಶುರುಮಾಡುವ ಮೊದಲೇ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಇದು ನೀವೇ ಕೊಟ್ಟ ಉತ್ತರ. ನನ್ನ ಹತ್ರ ಬರೋಕೆ ಶುರು ಮಾಡಿದ ಮೇಲೆ ನಿಮಗೆ ಕಷ್ಟ ಜಾಸ್ತಿ ಆಗಿದೆ. ನಾನೆಲ್ಲೋ ತಪ್ಪು ಮಾಡ್ತಿದೀನಿ. ಎಲ್ಲಿ ಅಂತ ಹೇಳ್ತೀರಾ?"

ಕ್ಷೌರಿಕ ತಡಬಡಾಯಿಸಿದ. "ಅಯ್ಯೋ, ಹಾಗೇನಿಲ್ಲ ಅಕ್ಕ, ನೀವು ದೇವರಂಥೋರು."

"ಅಟ್ಟಕ್ಕೇರಿಸಬೇಡಿ. ಬಿದ್ದರೆ ಸೊಂಟ ಮುರಿಯೋದು ನಂದೇ."

ಅವನು ನಗಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಹೇಳಿದ: "ಕುರ್ಚಿಲಿ ಕೂತೋರನ್ನ ಖುಷಿಯಾಗಿಡೋದು ನನ್ನ ಕಸುಬು. ಮೊದಲನೇ ದಿನ ನೀವು ನಕ್ಕಿರಿ. ನಿಮ್ಮ ಮುಖದ ಆಯಾಸ ಇಳೀತು. ಆಮೇಲೆ ಅಳೋಕೆ ಮನಸ್ಸು ಬರಲಿಲ್ಲ. ಇಲ್ಲಿ ನಗಿಸಿ ಹೋಗಿ, ಬಸ್ ಸ್ಟಾಪಲ್ಲಿ ಕೂತು ಅಳ್ತೀನಿ."

ಅಕ್ಕನಿಗೆ ಆಗ ಹೊಳೆಯಿತು. ಇಷ್ಟು ವಾರ ಈ ಕೋಣೆಯಲ್ಲಿ ಚಿಕಿತ್ಸೆ ಪಡೆದವಳು ತಾನು! ಆದರೂ ಮುಖ ತಗ್ಗಿಸದೆ, "ಇವತ್ತಿನಿಂದ ನಾನು ನಿಮ್ಮ ಗಿರಾಕಿ ಅಲ್ಲ. ಇಲ್ಲೇ ಅತ್ತುಬಿಡಿ" ಎಂದರು. ಅವನು ಅತ್ತ. ಕತ್ತಿ ಇನ್ನಷ್ಟು ಇಳಿದಿದ್ದರೆ ಎಂಬ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅಂದೇ ಮೊದಲು.

ಮುಂದಿನ ವಾರಗಳಲ್ಲಿ ಕತೆ, ನಗೆ ಎಲ್ಲ ಬಂದ್. ಅಕ್ಕ ಬಲೂನು ಊದಿ, ಅದಕ್ಕೆ ಸೋಪಿನ ನೊರೆ ಬಳಿದು, ಕತ್ತಿಯಿಂದ ಹೆರೆಯಲು ಹೇಳಿದರು. ಮೊದಲನೆಯದು ಢಬ್ಬೆಂದಿತು. ಹೊರಗಿದ್ದ ನರ್ಸಮ್ಮ ಕಿರುಚಿಕೊಂಡು ಒಳಗೆ ನುಗ್ಗಿದರೆ, ಇಬ್ಬರ ಮುಖಕ್ಕೂ ನೊರೆ! ಗೆರೆ ಒಮ್ಮೆ ಏರಿತು, ಮತ್ತೆ ಜಾರಿತು, ತೆವಳುತ್ತ ಏರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಭಾವಮೈದುನನ ಗಡ್ಡವನ್ನೇ ಹೆರೆದು ಬಂದ. "ಪಾಪ, ಉಸಿರೇ ಬಿಡದೆ ಕೂತಿದ್ದ ಅಕ್ಕ" ಎಂದ. ಈಗಲೂ ಕೈ ಸರಿಯಿಲ್ಲವೆನಿಸಿದ ದಿನ ಕತ್ತಿ ಮುಟ್ಟುವುದಿಲ್ಲವಂತೆ. ಅದನ್ನು ಮುಚ್ಚಿಡುವುದೂ ಇಲ್ಲ.

ಎಲ್ಲರ ಗೆರೆಯೂ ಹೀಗೆ ಏರಲಿಲ್ಲ. ಒಬ್ಬಾಕೆಯದು ಕೆಂಪಾದಾಗ ಅಕ್ಕ ಕೇಳಿದರು, ದಾರಿ ಬದಲಿಸಿದರು, ಆಕೆ ಬರುವುದನ್ನು ಬಿಟ್ಟೇಬಿಟ್ಟಳು. ಆ ನೋವು ಅವರಿಗೆ ಇವತ್ತಿಗೂ ಇದೆ. ಆದರೆ ಕೇಳುವುದನ್ನು ನಿಲ್ಲಿಸಲಿಲ್ಲ. ಹೊಸದಾಗಿ ಸೇರಿದ ಕಿರಿಯರ ಮುಂದೆಯೂ ತಮ್ಮ ಇಳಿದ ಗೆರೆಗಳನ್ನೇ ಮೊದಲು ತೆರೆದಿಟ್ಟು, "ಇಲ್ಲಿ ನಾನು ಗೆದ್ದೆ ಅಂದ್ಕೊಂಡಿದ್ದೆ" ಎಂದು ತೋರಿಸುತ್ತಾರೆ. ಅಷ್ಟು ಅನುಭವವಿದ್ದವರ ಬಾಯಲ್ಲಿ ಆ ಮಾತು ಸುಲಭವಾಗಿ ಬರುವುದಿಲ್ಲ.

ಮೊನ್ನೆ ಒಬ್ಬ ಹುಡುಗಿಯ ಗೆರೆ ಚೆನ್ನಾಗಿಯೇ ಏರುತ್ತಿತ್ತು. ಹೊರಡಲು ಚೀಲ ಎತ್ತಿಕೊಂಡು ಎದ್ದ ಅವಳನ್ನೂ ಅಕ್ಕ ರೂಢಿಯಂತೆ ಕೇಳಿದರು: "ಇವತ್ತು ನಾನೆಲ್ಲಿ ತಪ್ಪಿದೆ?"

ಹುಡುಗಿ ಸಂಕೋಚದಿಂದ, "ಅಮ್ಮನ ವಿಷಯ ಹೇಳುವಾಗ ನೀವು ಗಡಿಯಾರ ನೋಡಿದ್ರಿ" ಎಂದಳು.

"ಹೌದು, ನೋಡಿದೆ" ಎಂದರು ಅಕ್ಕ. "ಅದು ಸರಿಯಲ್ಲ. ಅಮ್ಮನ ವಿಷಯ ಇನ್ನೊಂದು ಸಲ ಹೇಳ್ತೀಯಾ?"

ಹುಡುಗಿ ಚೀಲವನ್ನು ಕೆಳಗಿಟ್ಟು ಮತ್ತೆ ಕೂತಳು.